ಓಟಿ ರಿಜಿಸ್ಟರ್, ಎಕ್ಸೆಲ್, ಸಾಫ್ಟ್‌ವೇರ್, ಎಐ: ಕಾಸರಗೋಡಿನ ಆಸ್ಪತ್ರೆಗೆ ಯಾವುದು ಹೊಂದುತ್ತದೆ?

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಹಿಡಿದು ಕಾಸರಗೋಡು, ಕಾಞಂಗಾಡಿನವರೆಗೆ ಒಂದರಿಂದ ನಾಲ್ಕು ಆಪರೇಷನ್ ಟೇಬಲ್ ಇಟ್ಟುಕೊಂಡು ನಡೆಯುವ ಆಸ್ಪತ್ರೆಗಳಿಗಾಗಿ ಇದನ್ನು ಬರೆದಿದ್ದೇನೆ. ಆಡಳಿತ ನೋಡುವವರು, ಓಟಿ (ಆಪರೇಷನ್ ಥಿಯೇಟರ್) ಇನ್‌ಚಾರ್ಜ್ ಸಿಸ್ಟರ್, ಅನಸ್ತೇಶಿಯಾ ಡಾಕ್ಟರು, ಯಾರು ಓದಿದರೂ ಉಪಯೋಗಕ್ಕೆ ಬರಬೇಕು ಎಂಬ ಆಸೆ ನನ್ನದು. ಥಿಯೇಟರಿನ ಲೆಕ್ಕವನ್ನು ಕಾಗದದಲ್ಲೇ ಇಡುವುದಾ, ಎಕ್ಸೆಲ್‌ಗೆ ಹಾಕುವುದಾ, ಸಾಫ್ಟ್‌ವೇರ್ ಕೊಳ್ಳುವುದಾ, ಇಲ್ಲ ಎಲ್ಲರ ಬಾಯಲ್ಲಿರುವ ಎಐಗೆ ಹೋಗುವುದಾ? ಈ ಪ್ರಶ್ನೆ ಈಗ ಸಣ್ಣ ಆಸ್ಪತ್ರೆಗಳ ಬಾಗಿಲಿಗೂ ಬಂದಿದೆ. ಮಾರುವವರು ಬಂದು ಚಂದದ ಗ್ರಾಫ್ ತೋರಿಸುತ್ತಾರೆ. ತೀರ್ಮಾನ ಮಾಡಬೇಕಾದವರ ಕೈಯಲ್ಲಿ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೋ ಎರಡೋ ಟೇಬಲ್ ಇರುವ ಕಡೆ ಒಳ್ಳೆಯ ರಿಜಿಸ್ಟರ್ ಮತ್ತು ಒಂದು ಎಕ್ಸೆಲ್ ಹಾಳೆ ಸಾಕು. ಮೂರು ನಾಲ್ಕು ಟೇಬಲ್ ಇದ್ದು, ಬಿಲ್ಲಿಂಗ್ ಮತ್ತು ಲ್ಯಾಬ್ ಆಗಲೇ ಕಂಪ್ಯೂಟರಿನಲ್ಲಿದ್ದರೆ ಅದೇ ಸಾಫ್ಟ್‌ವೇರಿನ ಓಟಿ ಮಾಡ್ಯೂಲ್ (ಥಿಯೇಟರಿಗೆಂದೇ ಇರುವ ಭಾಗ) ತೆಗೆದುಕೊಳ್ಳಿ. ಕ್ಯಾಮೆರಾ, ಟ್ಯಾಗ್, ಎಐ ಇವಕ್ಕೆ ಸದ್ಯಕ್ಕೆ ಹಣ ಹಾಕಬೇಡಿ.

ಕೊಳ್ಳುವ ಮೊದಲು: ಯಾವ ಸಂಖ್ಯೆ ಬೇಕು?

ಥಿಯೇಟರಿನ ಮಾತು ಬಂದರೆ ಹೆಚ್ಚಿನವರು ಮೊದಲು ಹಿಡಿಯುವುದು ಎರಡು ಕೇಸಿನ ನಡುವಿನ ಹೊತ್ತನ್ನು. ಒಬ್ಬ ರೋಗಿ ಹೊರಗೆ ಹೋಗಿ ಇನ್ನೊಬ್ಬರು ಒಳಗೆ ಬರುವವರೆಗಿನ ಸಮಯ. ಅದು ಕಣ್ಣಿಗೆ ಕಾಣುತ್ತದೆ. ಸರ್ಜನ್ ಕಾಯುತ್ತಾ ಕೂತಿರುತ್ತಾರೆ, ಸಿಟ್ಟು ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 5 ಕೇಸ್ ಇದ್ದರೆ ನಡುವೆ ಬರುವುದು 4 ಬಿಡುವು. ಒಂದೊಂದರಲ್ಲಿ 5 ನಿಮಿಷ ಉಳಿಸಿದರೂ ಒಟ್ಟು 20 ನಿಮಿಷ. ಆ 20 ನಿಮಿಷದಲ್ಲಿ ಇನ್ನೊಂದು ಹರ್ನಿಯಾ ಆಗುವುದಿಲ್ಲ. ಅಷ್ಟಕ್ಕಾಗಿ ನೆಲ ಒರೆಸುವವರನ್ನು, ಟ್ರೇ ಎಣಿಸುವ ಸಿಸ್ಟರನ್ನು ಅವಸರ ಮಾಡಿದರೆ ಕಳೆದುಕೊಳ್ಳುವುದೇ ಜಾಸ್ತಿ.

ಅದೇ ದಿನ ಒಂದು ಕೇಸ್ ಕ್ಯಾನ್ಸಲ್ ಆಯಿತು ಅನ್ನಿ. ಒಂದು ಒಂದೂವರೆ ಗಂಟೆ ಟೇಬಲ್ ಖಾಲಿ. ರೋಗಿ ರಾತ್ರಿಯಿಂದ ಉಪವಾಸ. ಮುಳ್ಳೇರಿಯದಿಂದಲೋ ಪೆರ್ಲದಿಂದಲೋ ಜೀಪು ಮಾಡಿಕೊಂಡು ಬಂದ ಮನೆಯವರು ಕೂಲಿ ಬಿಟ್ಟು ವರಾಂಡದಲ್ಲಿದ್ದಾರೆ. ಹಾಗೆ ಹಿಂದೆ ಹೋದವರಲ್ಲಿ ಕೆಲವರು ಮತ್ತೆ ಬರುವುದಿಲ್ಲ. ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅದಕ್ಕೂ ಕೈಲಾಗದವರು ನೋವು ನುಂಗಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಆಪರೇಷನ್ ದಿನವೇ ರದ್ದಾದ ಕೇಸುಗಳಿಗೆ. ಎಷ್ಟು ರದ್ದಾಯಿತು ಎಂಬುದರ ಜೊತೆ ಯಾಕೆ ರದ್ದಾಯಿತು ಎಂಬುದೂ ಬರೆದಿರಲೇಬೇಕು. ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಗೆ ಹೋಗುವ ಆಸ್ಪತ್ರೆಗಳು ಮುಂದೂಡಿದ ಆಪರೇಷನ್‌ಗಳ ಲೆಕ್ಕವನ್ನು ಹೇಗೂ ಇಡಬೇಕಾಗುತ್ತದೆ. ಕಾರಣ ಇಲ್ಲದ ಬರೀ ಶೇಕಡಾವಾರು ಇನ್‌ಸ್ಪೆಕ್ಷನ್ನಿಗೆ ಸಾಕಾಗಬಹುದು, ರೋಗಿಗೆ ಸಾಕಾಗದು.

ಕಾರಣ ಬರೆಯುವಾಗ "ಇತರೆ" ಎಂಬ ಕಾಲಂ ಇಡಬೇಡಿ. ಇಟ್ಟರೆ ಎಲ್ಲವೂ ಅದರೊಳಗೇ ಹೋಗುತ್ತದೆ. ಹತ್ತು ಹನ್ನೆರಡು ನಿಜವಾದ ಕಾರಣ ಬರೆದು ಅವುಗಳಲ್ಲಿ ಒಂದನ್ನು ಆರಿಸುವ ಹಾಗೆ ಮಾಡಿ: ಉಪವಾಸ ಮುರಿದದ್ದು, ಬಿಪಿ ಅಥವಾ ಶುಗರ್ ಹತೋಟಿಯಲ್ಲಿಲ್ಲದ್ದು, ಪಿಎಸಿ (ಅರಿವಳಿಕೆಗೆ ಮೊದಲಿನ ತಪಾಸಣೆ) ಆಗದೇ ಇದ್ದದ್ದು, ರಕ್ತ ಸಿಗದದ್ದು, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಪ್ಲೇಟ್, ರಾಡ್‌ನಂತಹದ್ದು) ಬಾರದದ್ದು, ಇನ್ಶೂರೆನ್ಸಿನ ಒಪ್ಪಿಗೆ ಬಾಕಿ, ಐಸಿಯು ಬೆಡ್ ಇಲ್ಲದ್ದು, ಹಿಂದಿನ ಕೇಸ್ ಉದ್ದವಾದದ್ದು, ಎಮರ್ಜೆನ್ಸಿ ನುಗ್ಗಿದ್ದು, ಡಾಕ್ಟರು ಬರಲಾಗದ್ದು, ಯಂತ್ರ ಕೈಕೊಟ್ಟದ್ದು, ರೋಗಿಯೇ ಬಾರದದ್ದು. ಇವುಗಳಲ್ಲಿ ಹೆಚ್ಚಿನವು ಹಿಂದಿನ ದಿನ ಸಂಜೆಯೇ ಗೊತ್ತಾಗಬಹುದಾದ ಸಂಗತಿಗಳು. ಸಂಜೆ ನಾಲ್ಕಕ್ಕೆ ಒಬ್ಬರು ಕೂತು ಮರುದಿನದ ಲಿಸ್ಟಿನ ಪ್ರತಿ ಹೆಸರಿಗೂ ಲ್ಯಾಬ್, ರಕ್ತ, ಇಂಪ್ಲಾಂಟ್, ಒಪ್ಪಿಗೆ ನೋಡಿ ಒಂದು ಫೋನ್ ಮಾಡಿದರೆ ಮುಂದಿನ ತಿಂಗಳ ಹಾಳೆಯಲ್ಲೇ ವ್ಯತ್ಯಾಸ ಕಂಡೀತು.

ಉಪವಾಸದ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. "ಬೆಳಿಗ್ಗೆ ಏನೂ ತಿನ್ನಬೇಡಿ" ಎಂದಷ್ಟೇ ಹೇಳಿ ಕಳಿಸಿದರೆ ಹಲವರು ಚಹಾ ಕುಡಿದು ಬರುತ್ತಾರೆ. ಬರೀ ನೀರಿನಂತಹ ತಿಳಿ ದ್ರವಕ್ಕೆ 2 ಗಂಟೆ ಸಾಕು. ಹಾಲು ಹಾಕಿದ ಚಹಾಕ್ಕೆ, ಹಗುರ ಊಟಕ್ಕೆ 6 ಗಂಟೆ ಬೇಕು. ಕರಿದದ್ದು, ಮಾಂಸ ತಿಂದಿದ್ದರೆ ಇನ್ನೂ ಜಾಸ್ತಿ. ಗಂಜಿ, ಚಹಾ, ಎಳನೀರು, ಬೆಳಗ್ಗಿನ ಬಿಪಿ ಮಾತ್ರೆ, ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು.

ಎರಡನೇ ಸಂಖ್ಯೆ, ದಿನದ ಮೊದಲ ಕೇಸ್ ಹೊತ್ತಿಗೆ ಸರಿಯಾಗಿ ಶುರುವಾಯಿತಾ ಎಂಬುದು. ಮೊದಲನೆಯದು ಮುಕ್ಕಾಲು ಗಂಟೆ ತಡವಾದರೆ ಆ ತಡ ಸಂಜೆಯವರೆಗೂ ಹಿಂಬಾಲಿಸುತ್ತದೆ. ಇಲ್ಲಿ ನಮ್ಮ ಕಡೆಯ ಒಂದು ವಿಶೇಷ ಇದೆ. ಸಣ್ಣ ಊರುಗಳಲ್ಲಿ ಅನಸ್ತೇಶಿಯಾ ಡಾಕ್ಟರೊಬ್ಬರೇ ಎರಡು ಮೂರು ಆಸ್ಪತ್ರೆ ನೋಡುತ್ತಾರೆ. ಕೆಲವು ಸರ್ಜನ್‌ಗಳು ವಾರದ ಗೊತ್ತಾದ ದಿನ ಮಂಗಳೂರಿನಿಂದ ಬರುತ್ತಾರೆ. ಎರಡು ಆಸ್ಪತ್ರೆಗಳೂ ಒಬ್ಬರೇ ಡಾಕ್ಟರ ಹೆಸರಿನ ಮುಂದೆ ಬೆಳಿಗ್ಗೆ 8.30 ಎಂದು ಬರೆದರೆ ಯಾವುದಾದರೂ ಒಂದು ಕಡೆ ತಡ ಆಗಲೇಬೇಕು, ಅಲ್ವಾ? ಅದಕ್ಕೆ ಅವರನ್ನು ದೂರಿ ಏನೂ ಪ್ರಯೋಜನವಿಲ್ಲ. ಒಂದು ಆಸ್ಪತ್ರೆಯೊಳಗಿನ ಯಾವ ಸಾಫ್ಟ್‌ವೇರಿಗೂ ಇದು ಕಾಣುವುದಿಲ್ಲ. ಒಂದು ತಿಂಗಳ ತಡದ ಕಾರಣ ಬರೆದಿಟ್ಟು, ಅದನ್ನು ಹಿಡಿದುಕೊಂಡು ಪಕ್ಕದ ಆಸ್ಪತ್ರೆಯವರ ಜೊತೆ ಮಾತಾಡಿ, ಒಂದು ಕಡೆ 8ಕ್ಕೆ, ಇನ್ನೊಂದು ಕಡೆ 10.30ಕ್ಕೆ ಎಂದು ಹಂಚಿಕೊಂಡರೆ ಇಬ್ಬರ ತೊಂದರೆಯೂ ಕಡಿಮೆಯಾಗುತ್ತದೆ.

ಮೂರನೆಯದು ಕೇಸ್ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಂದಾಜು. ಇಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ. ಉದಾಹರಣೆಗೆ ಒಬ್ಬ ಸರ್ಜನ್‌ರ ಏಳು ಹರ್ನಿಯಾ ಕೇಸ್ 40, 45, 45, 50, 55, 60, 140 ನಿಮಿಷ ಹಿಡಿದವು ಅಂದುಕೊಳ್ಳಿ. ನಡುವಿನ ಸಂಖ್ಯೆ 50. ಸರಾಸರಿ 62. ಯಾವುದನ್ನು ಹಿಡಿಯುವುದು? ಇಡೀ ದಿನದ ಲಿಸ್ಟ್ ಎಷ್ಟಕ್ಕೆ ಮುಗಿಯುತ್ತದೆ ಎಂದು ನೋಡುವಾಗ ಸರಾಸರಿಗಳನ್ನು ಕೂಡಿಸಿ. ಆ 140 ನಿಮಿಷದ ಕೇಸ್ ಇವತ್ತೂ ಬರಬಹುದು, ಅದನ್ನು ಮರೆತರೆ ಲಿಸ್ಟ್ ಪ್ರತಿ ಸಲ ಸಂಜೆ ಮೀರುತ್ತದೆ. ಮುಂದಿನ ರೋಗಿಯನ್ನು ವಾರ್ಡಿನಿಂದ ಯಾವಾಗ ಕರೆಸಬೇಕು ಎಂದು ನೋಡುವಾಗ ಕಡಿಮೆ ಹೊತ್ತಿನ ಅಂದಾಜು ಹಿಡಿಯಿರಿ. ಕೇಸ್ ಬೇಗ ಮುಗಿದರೆ ರೋಗಿ ತಯಾರಿರಬೇಕು. ಒಂದೇ ಸಂಖ್ಯೆಯನ್ನು ಎರಡೂ ಕೆಲಸಕ್ಕೆ ಬಳಸುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ಈ ಮೂರಕ್ಕೂ ಬೇಕಾದ ಸಮಯಗಳು ಐದೇ: ರೋಗಿ ಒಳಗೆ ಬಂದದ್ದು, ಅರಿವಳಿಕೆ ಶುರುವಾದದ್ದು, ಚರ್ಮ ಕೊಯ್ದದ್ದು, ಹೊಲಿಗೆ ಮುಗಿದದ್ದು, ರೋಗಿ ಹೊರಗೆ ಹೋದದ್ದು. ಎಲ್ಲವೂ ಗೋಡೆಯ ಒಂದೇ ಗಡಿಯಾರ ನೋಡಿ ಬರೆದದ್ದಾಗಿರಬೇಕು. ಮಾನಿಟರಿನ ಗಡಿಯಾರ ಒಂದು, ಮೊಬೈಲಿನದ್ದು ಇನ್ನೊಂದು, ಗೋಡೆಯದ್ದು ಮತ್ತೊಂದು ಎಂದಾದರೆ ಅರಿವಳಿಕೆಗೆ ಮೊದಲೇ ಕೊಯ್ದ ಹಾಗೆ ದಾಖಲೆ ಹೇಳುತ್ತದೆ. ಬರೆದ ಸಮಯಗಳೆಲ್ಲ 0 ಅಥವಾ 5ರಲ್ಲೇ ಮುಗಿಯುತ್ತಿದ್ದರೆ ಅವನ್ನು ಆಮೇಲೆ ನೆನಪಿನಿಂದ ಬರೆದಿದ್ದಾರೆ ಎಂದೇ ಅರ್ಥ. ನಿಜವಾಗಿ ನೋಡಿ ಬರೆದ ನಿಮಿಷಗಳಲ್ಲಿ 3, 7, 8 ಕೂಡ ಅಷ್ಟೇ ಸಲ ಬರುತ್ತವೆ.

ಟೇಬಲ್ ಎಷ್ಟು ತುಂಬಿದೆ ಎಂಬ ಶೇಕಡಾವಾರನ್ನು ಮಾರುವವರು ದೊಡ್ಡದಾಗಿ ತೋರಿಸುತ್ತಾರೆ. 75ರಿಂದ 85ರ ನಡುವೆ ಇದ್ದರೆ ಚೆನ್ನಾಗಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಸಂಜೆ ಮೀರುವುದು, ಎಮರ್ಜೆನ್ಸಿಗೆ ಜಾಗ ಇಲ್ಲದಿರುವುದು ಶುರು. ನೂರರ ಹಿಂದೆ ಓಡಬೇಡಿ.

ಕಾಗದದ ರಿಜಿಸ್ಟರ್

ಇದನ್ನು ಹಳೆಯದು ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಆಟಿ ತಿಂಗಳ ಮಳೆಗೆ ಕರೆಂಟ್ ಹೋಗಿ, ನೆಟ್‌ವರ್ಕೂ ಹೋದಾಗ ರಿಜಿಸ್ಟರ್ ಮಾತ್ರ ತೆರೆದೇ ಇರುತ್ತದೆ. ನಾಳೆ ಕೋರ್ಟಿನಲ್ಲಿ ಪ್ರಶ್ನೆ ಬಂದರೂ ಸಹಿ ಇರುವ ಪುಟ ಕೈಯಲ್ಲಿರುತ್ತದೆ. ಖರ್ಚು ಇಲ್ಲವೇ ಇಲ್ಲ ಎನ್ನಬಹುದು.

ಕೊರತೆ ಒಂದೇ, ಅದು ದೊಡ್ಡದು. ಕಾಗದ ಲೆಕ್ಕ ಹೇಳುವುದಿಲ್ಲ. ಮೂರು ತಿಂಗಳಲ್ಲಿ ರಕ್ತ ಸಿಗದೆ ಎಷ್ಟು ಕೇಸ್ ರದ್ದಾಯಿತು ಎಂದು ಕೇಳಿದರೆ ಯಾರೋ ಒಬ್ಬರು ಪುಟ ತಿರುವುತ್ತಾ ಕೂರಬೇಕು. ಯಾರೂ ಕೂರುವುದಿಲ್ಲ. ತುಂಬಾ ಕಡೆ ರದ್ದಾದ ಕೇಸ್ ರಿಜಿಸ್ಟರಿಗೆ ಏರುವುದೇ ಇಲ್ಲ, ಆದ ಕೇಸ್ ಮಾತ್ರ ಏರುತ್ತದೆ. ಬೇರೆ ಏನೂ ಬದಲಿಸಲು ಆಗದಿದ್ದರೆ ಇದೊಂದನ್ನು ಬದಲಿಸಿ. ಲಿಸ್ಟಿನಲ್ಲಿ ಬಂದ ಪ್ರತಿ ಹೆಸರಿಗೂ ರಿಜಿಸ್ಟರಿನಲ್ಲಿ ಒಂದು ಸಾಲು ಇರಲಿ, ಆಪರೇಷನ್ ಆಗಲಿ ಬಿಡಲಿ.

ಎಕ್ಸೆಲ್ ಹಾಳೆ

ಸಣ್ಣ ಆಸ್ಪತ್ರೆಗೆ ನನ್ನ ಮೊದಲ ಆಯ್ಕೆ ಇದೇ, ರಿಜಿಸ್ಟರಿನ ಜೊತೆಗೆ. ಒಂದು ಕೇಸಿಗೆ ಒಂದು ಸಾಲು. ಐದು ಸಮಯ, ಆಪರೇಷನ್ನಿನ ಹೆಸರು, ಸರ್ಜನ್, ಅರಿವಳಿಕೆಯ ಬಗೆ, ಮೊದಲೇ ಗೊತ್ತಿದ್ದದ್ದಾ ಎಮರ್ಜೆನ್ಸಿಯಾ, ರದ್ದಾಗಿದ್ದರೆ ಕಾರಣ, ಆಂಟಿಬಯಾಟಿಕ್ ಕೊಟ್ಟ ಸಮಯ. ಆಪರೇಷನ್ನಿನ ಹೆಸರನ್ನು ಕೈಯಾರೆ ಟೈಪ್ ಮಾಡಲು ಬಿಡಬೇಡಿ. ಒಬ್ಬರು ಎಲ್‌ಎಸ್‌ಸಿಎಸ್ ಎನ್ನುತ್ತಾರೆ, ಇನ್ನೊಬ್ಬರು ಸಿಸೇರಿಯನ್, ಮತ್ತೊಬ್ಬರು ಸಿ-ಸೆಕ್ಷನ್. ಎಣಿಸುವಾಗ ಮೂರು ಬೇರೆ ಬೇರೆಯಾಗುತ್ತವೆ. ಪಟ್ಟಿಯಿಂದ ಆರಿಸುವ ಹಾಗೆ ಮಾಡಿಟ್ಟರೆ ಅಲ್ಲಿಗೆ ಮುಗಿಯಿತು.

ಇದು ಕೈಕೊಡುವುದು ಎರಡು ಕಡೆ. ತುಂಬಿಸುವವರು ರಜೆ ಹಾಕಿದಾಗ, ಮತ್ತು ಹಾಳೆ ಹತ್ತು ಜನರ ಕೈಗೆ ಹೋದಾಗ. ಮೊದಲನೆಯದಕ್ಕೆ ಇಬ್ಬರಿಗೆ ಕೆಲಸ ಕಲಿಸಿಡಿ. ಎರಡನೆಯದಕ್ಕೆ ಹಾಳೆಯಲ್ಲಿ ರೋಗಿಯ ಹೆಸರು, ಫೋನ್ ನಂಬರ್ ಹಾಕಲೇಬೇಡಿ. ಐಪಿ ನಂಬರ್ (ದಾಖಲಾಗುವಾಗ ಆಸ್ಪತ್ರೆ ಕೊಡುವ ಸಂಖ್ಯೆ) ಸಾಕು, ಹೆಸರು ರಿಜಿಸ್ಟರಿನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಸಣ್ಣ ಆಸ್ಪತ್ರೆಗಳನ್ನೂ ಮುಟ್ಟುತ್ತದೆ. ಓಟಿ ಲಿಸ್ಟಿನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಅಭ್ಯಾಸವನ್ನು ನಾನು ಗಂಭೀರವಾಗಿ ಬೇಡ ಎನ್ನುತ್ತೇನೆ. ಒಬ್ಬ ಹೆಂಗಸಿನ ಹೆಸರು, ವಯಸ್ಸು, ಗರ್ಭಕೋಶದ ಆಪರೇಷನ್ ಎಂಬ ವಿವರ ಯಾರ ಯಾರ ಮೊಬೈಲಿನಲ್ಲೋ ವರ್ಷಗಟ್ಟಲೆ ಉಳಿಯಬಾರದು.

ಆಸ್ಪತ್ರೆ ಸಾಫ್ಟ್‌ವೇರಿನ ಓಟಿ ಮಾಡ್ಯೂಲ್

ಕೇರಳದ ಸರ್ಕಾರಿ ಆಸ್ಪತ್ರೆಗಳಿಗೆ ರೋಗಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿಡುವ ಇ-ಹೆಲ್ತ್ ಯೋಜನೆ ಇದೆ. ಅಲ್ಲಿರುವವರು ಬೇರೆ ಸಾಫ್ಟ್‌ವೇರ್ ಹುಡುಕುವ ಬದಲು ಅದರಲ್ಲೇ ಏನು ಸಿಗುತ್ತದೆ ಎಂದು ನೋಡುವುದು ಸರಿ. ಖಾಸಗಿ ಆಸ್ಪತ್ರೆಗಳಿಗೆ ಹತ್ತಾರು ಕಂಪನಿಗಳ ಸಾಫ್ಟ್‌ವೇರ್ ಇವೆ.

ಇದರ ನಿಜವಾದ ಲಾಭ ಗ್ರಾಫಿನಲ್ಲಿ ಇಲ್ಲ, ಕೊಂಡಿಯಲ್ಲಿದೆ. ಲ್ಯಾಬಿನಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದರೆ ಅದು ಹಿಂದಿನ ಸಂಜೆಯೇ ಓಟಿ ಲಿಸ್ಟಿನ ಪಕ್ಕದಲ್ಲಿ ಕಾಣಬೇಕು. ಪಿಎಸಿ ಆಗಿಲ್ಲ, ರಕ್ತ ಕಾದಿರಿಸಿಲ್ಲ, ಒಪ್ಪಿಗೆ ಪತ್ರ ಸಹಿಯಾಗಿಲ್ಲ ಎಂಬುದು ಹೆಸರಿನ ಪಕ್ಕದಲ್ಲೇ ಕೆಂಪಾಗಿ ತೋರಬೇಕು. ಇಷ್ಟು ಮಾಡುವ ಮಾಡ್ಯೂಲ್ ಆದರೆ ಮೂರು ನಾಲ್ಕು ಟೇಬಲಿನ ಆಸ್ಪತ್ರೆಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಇದನ್ನು ಮಾಡದೆ ರಿಜಿಸ್ಟರಿನ ಕಾಲಂಗಳನ್ನೇ ಪರದೆಗೆ ತಂದಿದ್ದರೆ ಸಿಸ್ಟರ್ ಒಂದೇ ವಿಷಯವನ್ನು ಎರಡು ಸಲ ಬರೆಯಬೇಕಾಗುತ್ತದೆ, ಅಷ್ಟೇ.

ಇನ್ನೊಂದು ಎಚ್ಚರ. ಸಾಫ್ಟ್‌ವೇರ್ ದಾಖಲಿಸುವುದು ಬಟನ್ ಒತ್ತಿದ ಹೊತ್ತನ್ನು. ಕೇಸ್ ನಡೆಯುವಾಗ ಕೈ ಬಿಡುವಿರುವುದಿಲ್ಲ, ಎಲ್ಲ ಮುಗಿದ ಮೇಲೆ ಐದೂ ಬಟನ್ ಒಟ್ಟಿಗೆ ಒತ್ತುತ್ತಾರೆ. ಆಗ ಕಾಗದಕ್ಕಿಂತ ಕೆಟ್ಟ ದಾಖಲೆ ಸಿಗುತ್ತದೆ, ಆದರೆ ನೋಡುವವರು ಕಂಪ್ಯೂಟರಿನದ್ದು ಎಂದು ಜಾಸ್ತಿ ನಂಬುತ್ತಾರೆ. ಪರದೆ ಥಿಯೇಟರಿನ ಒಳಗೆ, ಸರ್ಕ್ಯುಲೇಟಿಂಗ್ ಸಿಸ್ಟರಿನ (ಬೇಕಾದದ್ದನ್ನು ತಂದುಕೊಡುತ್ತಾ ಓಡಾಡುವವರ) ಕೈಗೆ ಸಿಗುವ ಕಡೆ ಇರಬೇಕು. ಆಫೀಸಿನ ಕಂಪ್ಯೂಟರಿನಲ್ಲಿ ತುಂಬಿಸುವುದಾದರೆ ಮಾಡ್ಯೂಲ್ ಬೇಡ.

ತಾನಾಗಿ ದಾಖಲಿಸುವ ಯಂತ್ರಗಳು

ಅನಸ್ತೇಶಿಯಾ ಯಂತ್ರ, ಮಾನಿಟರುಗಳಿಂದ ನೇರವಾಗಿ ಬಿಪಿ, ಆಮ್ಲಜನಕ, ನಾಡಿ ಎಳೆದುಕೊಂಡು ಚಾರ್ಟ್ ಬರೆಯುವ ವ್ಯವಸ್ಥೆಗಳಿವೆ. ಮಂಗಳೂರಿನಂತಹ ಕಡೆಯ ದೊಡ್ಡ ಆಸ್ಪತ್ರೆಗಳಿಗೆ ಇದು ಒಳ್ಳೆಯದು. ಅನಸ್ತೇಶಿಯಾ ಡಾಕ್ಟರ ಕಣ್ಣು ಕಾಗದದ ಮೇಲಿರದೆ ರೋಗಿಯ ಮೇಲಿರುತ್ತದೆ. ರೋಗಿಯ ಕೈಪಟ್ಟಿಗೆ ಟ್ಯಾಗ್ ಹಾಕಿ ಎಲ್ಲಿದ್ದಾರೆ ಎಂದು ಹಿಂಬಾಲಿಸುವುದೂ ಇದೆ. ಕೆನಡಾದ ಟೊರೊಂಟೊದಲ್ಲಿ ಸರ್ಜನ್ ಟಿಯೋಡೋರ್ ಗ್ರಾಂಚರೋವ್ ಥಿಯೇಟರಿನ ಚಿತ್ರ, ಧ್ವನಿ, ಮಾನಿಟರಿನ ಸಂಖ್ಯೆ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಬ್ಲ್ಯಾಕ್ ಬಾಕ್ಸ್ ಮಾಡಿದರು. ವಿಮಾನದಲ್ಲಿರುವುದರ ಹೆಸರನ್ನೇ ಇಟ್ಟರು. ಎಲ್ಲಿ ಎಡವಿದೆವು ಎಂದು ಕೂತು ಕಲಿಯಲು ಅದು ನೆರವಾಗುತ್ತದೆ.

ಆದರೆ ಅದನ್ನು ಕೂತು ನೋಡಲು ಜನ ಬೇಕು, ಸಮಯ ಬೇಕು. ದಾಖಲೆಯನ್ನು ಶಿಕ್ಷೆಗೆ ಬಳಸುವುದಿಲ್ಲ ಎಂಬ ನಂಬಿಕೆ ಇಡೀ ತಂಡಕ್ಕೆ ಇರಬೇಕು. ರೋಗಿಯ ಒಪ್ಪಿಗೆ ಬೇಕು. ಇದೆಲ್ಲ ಇಲ್ಲದ ಕಡೆ ಕ್ಯಾಮೆರಾ ಹಾಕಿದರೆ ಜನ ಮಾತಾಡುವುದನ್ನೇ ನಿಲ್ಲಿಸುತ್ತಾರೆ. ಥಿಯೇಟರಿನಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇಲ್ಲ.

ಎಐ ಅಂದಾಜು

ಕೇಸಿನ ಅವಧಿಯನ್ನು ಎಐ ನಿಖರವಾಗಿ ಹೇಳುತ್ತದೆ ಎನ್ನುವುದು ದೊಡ್ಡ ಆಸ್ಪತ್ರೆಗಳಲ್ಲಿ ಸ್ವಲ್ಪ ಮಟ್ಟಿಗೆ ನಿಜ. ನಮ್ಮಲ್ಲಿ ಯಾಕೆ ಬೇಡ? ವರ್ಷಕ್ಕೆ 800 ಕೇಸ್ ಮಾಡುವ ಒಂದು ಆಸ್ಪತ್ರೆಯನ್ನು ಊಹಿಸಿಕೊಳ್ಳಿ. 60 ಬಗೆಯ ಆಪರೇಷನ್, 12 ಸರ್ಜನ್. ಒಬ್ಬ ಸರ್ಜನ್, ಒಂದು ಬಗೆ ಎಂದು ಹಂಚಿದರೆ 720 ಗುಂಪು. ಒಂದೊಂದಕ್ಕೆ ಸರಾಸರಿ ಒಂದು ಕೇಸ್ ಚಿಲ್ಲರೆ. ಅಷ್ಟರಲ್ಲಿ ಕಲಿಯಲು ಏನಿದೆ? ಬೇರೆ ಊರಿನ ದೊಡ್ಡ ಆಸ್ಪತ್ರೆಯ ಮಾಹಿತಿಯಿಂದ ಕಲಿತ ಮಾದರಿಗೆ ನಮ್ಮ ಸರ್ಜನ್‌ಗಳ ಕೈ, ನಮ್ಮ ಯಂತ್ರ, ನಮ್ಮ ಸಿಬ್ಬಂದಿ ಗೊತ್ತಿರುವುದಿಲ್ಲ. ಹಿಂದಿನ ಹತ್ತು ಕೇಸಿನ ಸರಾಸರಿ ತೆಗೆದು, ಈ ರೋಗಿಗೆ ಜಾಸ್ತಿ ಹೊತ್ತು ಬೇಕಾ ಎಂದು ಸರ್ಜನ್‌ರನ್ನೇ ಒಂದು ಮಾತು ಕೇಳಿ. ಸದ್ಯಕ್ಕೆ ಅಷ್ಟೇ ಸಾಕು.

ಸುರಕ್ಷತೆಯ ಲೆಕ್ಕ ಬೇರೆ ಬಗೆಯದು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್ ಹೊರತಂದಿತು. 19 ಅಂಶ, ಮೂರು ಹಂತ: ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ರೋಗಿ ಹೊರಗೆ ಹೋಗುವ ಮೊದಲು. ಎಂಟು ಊರುಗಳ ಎಂಟು ಆಸ್ಪತ್ರೆಗಳಲ್ಲಿ ನೋಡಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಹೊಸದಿಲ್ಲಿಯೂ ಇತ್ತು. ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಆಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಅದನ್ನು ಕಡ್ಡಾಯ ಮಾಡಿದಾಗ ಹೇಳಿಕೊಳ್ಳುವಂತಹ ಇಳಿಕೆ ಕಾಣಲಿಲ್ಲ. ಆ ಫಲಿತಾಂಶ ಬಂದದ್ದು 2014ರಲ್ಲಿ. ಚೆಕ್‌ಲಿಸ್ಟ್ ಕೆಲಸಕ್ಕೆ ಬಾರದು ಎಂದು ಇದರಿಂದ ತಿಳಿದುಕೊಳ್ಳಬೇಡಿ. ಮೇಲಿನಿಂದ ಆದೇಶ ಬಂದಾಗ ಫಾರಂ ತುಂಬುತ್ತದೆ, ತಂಡ ಒಂದು ನಿಮಿಷ ನಿಂತು ಮಾತಾಡುತ್ತದೆ ಎಂದು ಹೇಳಲಾಗದು ಎಂದೇ ನಾನು ಅದನ್ನು ಓದುತ್ತೇನೆ.

ಹಾಗಾಗಿ "ಚೆಕ್‌ಲಿಸ್ಟ್ ಶೇ. 100" ಎಂಬ ಸಂಖ್ಯೆಯನ್ನು ತೋರಿಸುವ ಯಾವ ವ್ಯವಸ್ಥೆಯನ್ನೂ ಅಷ್ಟಕ್ಕೇ ಮೆಚ್ಚಬೇಡಿ. ವಾರಕ್ಕೊಂದೆರಡು ಕೇಸಿಗೆ ಒಬ್ಬರು ಹೋಗಿ ಸುಮ್ನೆ ನಿಂತು ನೋಡಲಿ. ಎಲ್ಲರೂ ಕೈಕೆಲಸ ನಿಲ್ಲಿಸಿದರಾ? ಹೆಸರು, ಜಾಗ, ಎಡವೋ ಬಲವೋ ಎಂದು ಗಟ್ಟಿಯಾಗಿ ಹೇಳಿದರಾ? ರಕ್ತ ಒರೆಸುವ ಗಾಜ್, ಮಾಪ್ ಬಟ್ಟೆಗಳ ಲೆಕ್ಕ ಇಬ್ಬರು ಮಾಡಿದರಾ? ಆ ಟಿಪ್ಪಣಿ ನೂರು ಫಾರಂಗಳಿಗಿಂತ ಬೆಲೆಯುಳ್ಳದ್ದು.

ಟಿಕ್ ಹಾಕಿ ತೋರಿಸಲಾಗದ ಸಂಖ್ಯೆಗಳನ್ನು ಆರಿಸಿಕೊಳ್ಳುವುದು ಇನ್ನೊಂದು ದಾರಿ. ಆಂಟಿಬಯಾಟಿಕ್ ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಹೋಗಿರಬೇಕು ಎಂದು ಆ ಚೆಕ್‌ಲಿಸ್ಟ್ ಹೇಳುತ್ತದೆ. ಕೊಟ್ಟ ಸಮಯ ಒಂದು ಕಾಲಂ, ಕೊಯ್ದ ಸಮಯ ಇನ್ನೊಂದು ಕಾಲಂ. ಕಳೆದರೆ ಉತ್ತರ ಬಂತು. ಎಕ್ಸೆಲ್‌ಗೆ ಇದು ಒಂದು ಸಾಲಿನ ಸೂತ್ರ. ಲಿಸ್ಟ್ ತಡವಾದ ದಿನ ವಾರ್ಡಿನಲ್ಲೇ ಇಂಜೆಕ್ಷನ್ ಕೊಟ್ಟು ಕಳಿಸಿದ ಎರಡನೇ ಮೂರನೇ ರೋಗಿಗೆ ಆ ಗಡುವು ಮೀರಿರುತ್ತದೆ. ತಡ ಎಂಬುದು ಹಣದ ವಿಷಯ, ಸೋಂಕು ಎಂಬುದು ಬೇರೆ ವಿಷಯ ಎಂದುಕೊಂಡಿದ್ದವರಿಗೆ ಎರಡೂ ಒಂದೇ ಹಾಳೆಯಲ್ಲಿ ಕೂಡಿ ಕಾಣುವುದು ಇಲ್ಲೇ.

ಗಾಯದ ಸೋಂಕನ್ನು ಲೆಕ್ಕ ಹಾಕಲು ಸಾಮಾನ್ಯವಾಗಿ 30 ದಿನ, ಇಂಪ್ಲಾಂಟ್ ಹಾಕಿದ ಕೆಲವು ಆಪರೇಷನ್‌ಗಳಿಗೆ 90 ದಿನ ರೋಗಿಯ ಜಾಡು ಹಿಡಿಯಬೇಕು. ಗಡಿಯ ಆಸ್ಪತ್ರೆಗಳಿಗೆ ಇದೇ ಕಷ್ಟ. ಗಾಯ ಕೀವಾದರೆ ರೋಗಿ ನಮ್ಮಲ್ಲಿಗೇ ಬರಬೇಕೆಂದಿಲ್ಲ. ಮಂಗಳೂರಿಗೋ ಪುತ್ತೂರಿಗೋ ಹೋಗಿರುತ್ತಾರೆ. ನಮ್ಮ ಪುಸ್ತಕದಲ್ಲಿ ಸೋಂಕು ಸೊನ್ನೆ. ಅದಕ್ಕೇ ತಿಂಗಳ ಕೊನೆಗೆ ಫೋನ್ ಮಾಡಿ ಕೇಳುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ. ಯಾವ ಸಾಫ್ಟ್‌ವೇರೂ ನಿಮಗಾಗಿ ಇದನ್ನು ಮಾಡುವುದಿಲ್ಲ.

ಸೊನ್ನೆಯ ಬಗ್ಗೆಯೂ ಒಂದು ಮಾತು. 100 ಕೇಸಿನಲ್ಲಿ ಒಂದೂ ಸೋಂಕು ಇಲ್ಲ ಎಂದರೆ ನಮ್ಮ ಸೋಂಕಿನ ಪ್ರಮಾಣ ಸೊನ್ನೆ ಎಂದಾಗುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸುಲಭದ ಸೂತ್ರ ಇದೆ: 3ನ್ನು ಕೇಸುಗಳ ಸಂಖ್ಯೆಯಿಂದ ಭಾಗಿಸಿ. 100 ಕೇಸಿಗೆ ಶೇ. 3ರವರೆಗೂ ಇರಬಹುದು. 30 ಕೇಸಿಗೆ ಶೇ. 10ರವರೆಗೂ ಇರಬಹುದು. ಸಣ್ಣ ಆಸ್ಪತ್ರೆ ತಿಂಗಳ ಶೇಕಡಾವಾರು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಒಂದೊಂದು ಸೋಂಕನ್ನೂ ಒಂದೊಂದಾಗಿ ಕೂತು ಮಾತಾಡಿ, ತಾರೀಕುಗಳನ್ನು ಸಾಲಾಗಿ ಬರೆದಿಟ್ಟರೆ ಯಾವಾಗ ಒತ್ತೊತ್ತಾಗಿ ಬರುತ್ತಿವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹೆಸರು ಮತ್ತು ಮಾತು

ಮಾರುವವರ ಡೆಮೊದಲ್ಲಿ ಈ ವಿಷಯ ಬರುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಒಂದೇ ವಾರ್ಡಿನಲ್ಲಿ ಕನ್ನಡ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವವರು ಮಲಗಿರುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರು ಮಲಯಾಳಂ ಉಚ್ಚಾರದಂತೆ, ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡದಂತೆ, ಆಧಾರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ರೀತಿ. ಒಬ್ಬರು ಇನಿಶಿಯಲ್ ಹಾಕುತ್ತಾರೆ, ಇನ್ನೊಬ್ಬರು ಮನೆ ಹೆಸರು ಸೇರಿಸುತ್ತಾರೆ. ಒಂದೇ ದಿನದ ಲಿಸ್ಟಿನಲ್ಲಿ ಇಬ್ಬರು ಮೊಹಮ್ಮದ್, ಇಬ್ಬರು ಲಕ್ಷ್ಮಿ ಬರುವುದು ಅಪರೂಪವಲ್ಲ. ಸಾಫ್ಟ್‌ವೇರ್ ಹೆಸರಿನಿಂದ ಹುಡುಕಿದರೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಪುಟದಲ್ಲಿ ಕೂರಬಹುದು. ಹುಡುಕಾಟ ನಂಬರಿನಿಂದ ಆಗಲಿ, ಐಪಿ ನಂಬರ್ ಆಗಲಿ ಸರ್ಕಾರದ ಆರೋಗ್ಯ ಗುರುತಿನ 14 ಅಂಕಿಯ ಆಭಾ ನಂಬರ್ ಆಗಲಿ. ಹೆಸರು, ವಯಸ್ಸು, ಊರು ತಾಳೆ ನೋಡುವುದಕ್ಕೆ ಇರಲಿ.

ಚೆಕ್‌ಲಿಸ್ಟಿನ ಮೊದಲ ಅಂಶವೇ ರೋಗಿ ತನ್ನ ಹೆಸರು, ಆಪರೇಷನ್, ಜಾಗವನ್ನು ತಾನೇ ಹೇಳುವುದು. "ನಿಮ್ಮ ಹೆಸರು ಇದೇ ತಾನೇ?" ಎಂದು ಕೇಳಿದರೆ ಹೆದರಿದ ಅಜ್ಜಿ ಯಾವ ಹೆಸರಿಗೂ ತಲೆಯಾಡಿಸುತ್ತಾರೆ. "ಹೆಸರು ಹೇಳಿ ಅಮ್ಮ, ಏನು ಆಪರೇಷನ್, ಯಾವ ಕಡೆ?" ಎಂದು ಅವರ ಮಾತಿನಲ್ಲೇ ಕೇಳಬೇಕು. ನಿಮ್ಮ ರಿಜಿಸ್ಟರ್ ಆಗಲಿ ಎಕ್ಸೆಲ್ ಆಗಲಿ ಸಾಫ್ಟ್‌ವೇರ್ ಆಗಲಿ, ರೋಗಿಯ ಮಾತಿನ ಭಾಷೆಗೆ ಒಂದು ಕಾಲಂ ಇಡಿ. ಉಪವಾಸ ಮುರಿದು ರದ್ದಾದ ಕೇಸುಗಳನ್ನು, ಒಪ್ಪಿಗೆ ಪತ್ರ ಬಾಕಿಯಾದ ಕೇಸುಗಳನ್ನು ಆ ಕಾಲಂ ಜೊತೆ ಇಟ್ಟು ನೋಡಿ. ಒಂದು ಭಾಷೆಯವರಲ್ಲೇ ಜಾಸ್ತಿ ಇದ್ದರೆ ಎಲ್ಲಿ ಸರಿಪಡಿಸಬೇಕು ಎಂದು ಗೊತ್ತಾಯಿತಲ್ಲ. ಆ ಭಾಷೆ ಬಲ್ಲ ಸಿಸ್ಟರಿಂದ ಹಿಂದಿನ ಸಂಜೆಯ ಫೋನ್ ಮಾಡಿಸಿ.

ಎಮರ್ಜೆನ್ಸಿಗೆ ಟೇಬಲ್ ಬೇರೆ ಇಡುವುದಾ?

ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಂತಹ ಕಡೆ ಎಮರ್ಜೆನ್ಸಿಯನ್ನೂ ಮೊದಲೇ ಗೊತ್ತಾದ ಕೇಸನ್ನೂ ಬೇರೆ ಬೇರೆ ಮಾಡಿ ಕಾಯುವಿಕೆ ಕಡಿಮೆ ಮಾಡಿದರು. ನಾಲ್ಕು ಟೇಬಲ್ ಇದ್ದು ಹೆರಿಗೆ ವಿಭಾಗ ದೊಡ್ಡದಿದ್ದರೆ ಒಂದನ್ನು ಬಿಟ್ಟುಕೊಡುವುದು ಯೋಚಿಸಬೇಕಾದ ವಿಷಯ. ಎರಡೇ ಟೇಬಲ್ ಇದ್ದರೆ ಅದು ಆಗದ ಮಾತು. ಆಗ ಎಕ್ಸೆಲ್‌ನಲ್ಲಿ ಎಮರ್ಜೆನ್ಸಿ ಕೇಸುಗಳು ಯಾವ ಹೊತ್ತಿಗೆ ಬಂದಿವೆ ಎಂದು ಗಂಟೆವಾರು ಎಣಿಸಿ. ಜಾಸ್ತಿ ಬರುವ ಹೊತ್ತಿನಲ್ಲಿ ಒಂದು ಟೇಬಲಿಗೆ ಚಿಕ್ಕ ಕೇಸುಗಳನ್ನೇ ಹಾಕಿ. ಸಿಸೇರಿಯನ್ ಬಂದರೆ ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಟೇಬಲ್ ಖಾಲಿಯಾಗುವಂತೆ ಲಿಸ್ಟ್ ಜೋಡಿಸಿ. ಎರಡು ಟೇಬಲಿನಲ್ಲೂ ಒಟ್ಟಿಗೆ ಎರಡು ಗಂಟೆಯ ಕೇಸ್ ಶುರು ಮಾಡುವ ಲಿಸ್ಟಿಗೆ ಯಾರೂ ಸಹಿ ಹಾಕಬಾರದು. ತಲಪಾಡಿಯಾಚೆ ಕಳಿಸಿದರಾಯಿತು ಎಂದು ಎಣಿಸಿ ಲಿಸ್ಟ್ ಮಾಡುವುದು ಎಷ್ಟು ಅಪಾಯ ಎಂಬುದು 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕ ಗಡಿ ಮುಚ್ಚಿದಾಗ ಇಡೀ ಜಿಲ್ಲೆಗೆ ಗೊತ್ತಾಗಿದೆ.

ಸಾಫ್ಟ್‌ವೇರ್ ಕೊಳ್ಳುವುದೇ ಆದರೆ

ಡೆಮೊಗೆ ಬಂದವರ ಮಾದರಿ ರೋಗಿಗಳನ್ನು ನೋಡಬೇಡಿ. ಹೆಸರು ತೆಗೆದ ನಿಮ್ಮದೇ ಒಂದು ವಾರದ ಲಿಸ್ಟ್ ಕೊಡಿ. ಅದರಲ್ಲಿ ರದ್ದಾದ ಕೇಸ್, ನಡುವೆ ನುಗ್ಗಿದ ಸಿಸೇರಿಯನ್, ಒಂದೇ ಹೆಸರಿನ ಇಬ್ಬರು, ಮಧ್ಯಾಹ್ನ ಸರ್ಜನ್ ಬದಲಾದ ಕೇಸ್ ಇರಲಿ. ಇದನ್ನೆಲ್ಲ ಓಟಿ ಸಿಸ್ಟರ್ ಕೈಯಿಂದಲೇ ಹಾಕಿಸಿ, ಕಂಪನಿಯವರ ಕೈಯಿಂದ ಬೇಡ. ಒಂದು ಕೇಸಿಗೆ ಎಷ್ಟು ಸಲ ಒತ್ತಬೇಕಾಯಿತು ಎಂದು ಎಣಿಸಿ. ಇಂಟರ್ನೆಟ್ ತಂತಿ ಕಿತ್ತು ಏನಾಗುತ್ತದೆ ನೋಡಿ. ನೆಟ್ ಬಂದ ಮೇಲೆ ನಡುವಿನ ಮಾಹಿತಿ ಉಳಿದಿದೆಯಾ ಎಂದೂ ನೋಡಿ.

ಆಮೇಲೆ ಒಪ್ಪಂದ. ವರ್ಷದ ನಿರ್ವಹಣೆಗೆ ಎಷ್ಟು, ರಿಪೋರ್ಟ್ ಬದಲಿಸಲು ಬೇರೆ ಹಣ ಬೇಕಾ, ಮಾಹಿತಿ ಎಲ್ಲಿ ಇಡುತ್ತಾರೆ, ಯಾರು ನೋಡಬಹುದು, ಇವನ್ನೆಲ್ಲ ಬರಹದಲ್ಲಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾದದ್ದು, ನಾಳೆ ಆ ಕಂಪನಿಯನ್ನು ಬಿಟ್ಟರೆ ನಿಮ್ಮ ಅಷ್ಟೂ ವರ್ಷದ ಸಾಲುಗಳನ್ನು ಎಕ್ಸೆಲ್‌ನಲ್ಲಿ ತೆರೆಯುವ ಹಾಗೆ, ಹೆಚ್ಚು ಹಣ ಕೇಳದೆ, ಗೊತ್ತಾದ ದಿನದೊಳಗೆ ಕೊಡಬೇಕು ಎಂಬ ಷರತ್ತು. ಅದಕ್ಕೆ ಒಪ್ಪದವರ ಸಾಫ್ಟ್‌ವೇರ್ ಎಷ್ಟೇ ಚಂದ ಇದ್ದರೂ ಬೇಡ ಎನ್ನಿ.